ಬೆನ್ನುಮೂಳೆಯ ಕೀಹೋಲ್ ಆಪರೇಷನ್‌ನಲ್ಲಿ ಎಆರ್ ಕನ್ನಡಕ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೈನ್ ಆಪರೇಷನ್ ಅಂದ ಕೂಡಲೇ ಮೊದಲು ಜನ ಕೇಳುತ್ತಿದ್ದದ್ದು ಒಂದೇ: ಕಾಲಿಗೆ ಏನೂ ಆಗಲ್ಲ ತಾನೇ? ಈಗ ಅದರ ಜೊತೆಗೆ ಇನ್ನೊಂದು ಸೇರಿದೆ: ಆ ಕನ್ನಡಕ ಹಾಕಿಕೊಂಡು ಮಾಡುತ್ತಾರಂತಲ್ಲ, ಅದು ಇಲ್ಲಿ ಇದೆಯಾ? ನಾನು ಸರ್ಜನ್ ಅಲ್ಲ. ಆಪರೇಷನ್ ಥಿಯೇಟರ್‌ನಲ್ಲಿ ಎಕ್ಸ್‌ರೇ, ಸ್ಕ್ಯಾನ್, ಮತ್ತು ಉಪಕರಣ ಮೈಯೊಳಗೆ ಎಲ್ಲಿದೆ ಅಂತ ಪರದೆಯಲ್ಲಿ ತೋರಿಸುವ ನ್ಯಾವಿಗೇಷನ್ ಯಂತ್ರಗಳ ಪಕ್ಕ ನಿಲ್ಲುವವನು. ರೋಗಿಗಳ ಮನೆಯವರು, ಪರಿಚಯದವರು, ಓದುತ್ತಿರುವ ಟೆಕ್ನಿಷಿಯನ್ ಹುಡುಗರು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಅಂತ ಬರೆದಿದ್ದೇನೆ. ನಿಮ್ಮ ರಿಪೋರ್ಟ್ ನೋಡಿ ಸಲಹೆ ಕೊಡಬೇಕಾದವರು ನಿಮ್ಮ ಡಾಕ್ಟರೇ.

ಎಆರ್ ಅಂದರೆ ಏನು? ವಿಆರ್ ಬೇರೆ, ಇದು ಬೇರೆಯಾ?

ಬೇರೆ ಬೇರೆ. ವಿಆರ್ ಹಾಕಿಕೊಂಡರೆ ಎದುರಿಗೆ ಇರುವುದು ಏನೂ ಕಾಣುವುದಿಲ್ಲ, ಪೂರ್ತಿ ಕಂಪ್ಯೂಟರ್ ತೋರಿಸಿದ್ದೇ ಕಾಣುವುದು. ಎಆರ್‌ನಲ್ಲಿ, ಅಂದರೆ ಆಗ್ಮೆಂಟೆಡ್ ರಿಯಾಲಿಟಿಯಲ್ಲಿ, ಎದುರಿನದೆಲ್ಲ ಹಾಗೇ ಕಾಣುತ್ತದೆ, ಅದರ ಮೇಲೆ ಒಂದು ಚಿತ್ರ ಬಂದು ಕೂರುತ್ತದೆ. ಇದನ್ನು ಮೊದಲು ಯೋಚಿಸಿದ್ದು ಆಸ್ಪತ್ರೆಯವರೇನೂ ಅಲ್ಲ. 1990ರ ದಶಕದ ಶುರುವಿನಲ್ಲಿ ಬೋಯಿಂಗ್ ಕಂಪನಿಯ ಇಂಜಿನಿಯರ್‌ಗಳು ವಿಮಾನದ ವೈರ್ ಜೋಡಿಸುವ ಕೆಲಸಗಾರರಿಗೆ ಯಾವ ವೈರ್ ಎಲ್ಲಿಗೆ ಹೋಗಬೇಕು ಅನ್ನುವುದು ಕಣ್ಣೆದುರೇ ಕಾಣಲಿ ಅಂತ ಈ ದಾರಿ ಹಿಡಿದರು. ಆಪರೇಷನ್ ಮಾಡುವವರು ರೋಗಿಯನ್ನು ನೋಡಲೇಬೇಕು, ಹಾಗಾಗಿ ಥಿಯೇಟರ್‌ಗೆ ಎಆರ್ ಸರಿಹೊಂದುತ್ತದೆ, ವಿಆರ್ ಟ್ರೈನಿಂಗ್‌ಗೆ ಸರಿ.

ಕೀಹೋಲ್ ಸ್ಪೈನ್ ಆಪರೇಷನ್ ಅಂದರೆ ಏನು?

ಹಳೆಯ ವಿಧಾನದಲ್ಲಿ ಬೆನ್ನಿನ ಮಧ್ಯೆ ಉದ್ದಕ್ಕೆ ಕೊಯ್ದು, ಮೂಳೆಗೆ ಅಂಟಿಕೊಂಡ ಸ್ನಾಯುಗಳನ್ನು ಎರಡೂ ಕಡೆ ಬಿಡಿಸಿ, ಎಳೆದು ಹಿಡಿದು ಕೆಲಸ ಮಾಡುತ್ತಾರೆ. ಮೂಳೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಸ್ನಾಯುವಿಗೆ ಆದ ಪೆಟ್ಟು ಚೇತರಿಸಿಕೊಳ್ಳಲು ಟೈಮ್ ಬೇಕು, ರಕ್ತವೂ ಜಾಸ್ತಿ ಹೋಗುತ್ತದೆ. ಕೀಹೋಲ್ ವಿಧಾನದಲ್ಲಿ ಸ್ನಾಯುವನ್ನು ಕತ್ತರಿಸುವ ಬದಲು ಎಳೆಗಳ ನಡುವೆ ಒಂದರ ಮೇಲೊಂದು ಕೊಳವೆ ತೂರಿಸಿ ದಾರಿ ಅಗಲ ಮಾಡುತ್ತಾರೆ. ಅಮೆರಿಕದಲ್ಲಿ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಅನ್ನುವ ಸರ್ಜನ್‌ಗಳು 1997ರಲ್ಲಿ ಈ ಕೊಳವೆಯ ವಿಧಾನವನ್ನು ಪ್ರಕಟಿಸಿದರು. ಕೊನೆಗೆ ಉಳಿಯುವ ಕೊಳವೆಯ ಅಗಲ ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಆಸುಪಾಸು. ಮೂಳೆಗಳನ್ನು ಒಂದಕ್ಕೊಂದು ಸೇರಿಸಿ ನಿಲ್ಲಿಸಲು ಸ್ಕ್ರೂ ಹಾಕುವುದಾದರೆ ಒಂದೊಂದಕ್ಕೂ ಚರ್ಮದ ಮೇಲೆ ಒಂದು ಸಣ್ಣ ಗಾಯ ಸಾಕು.

ಸಮಸ್ಯೆ ಏನಪ್ಪಾ ಅಂದರೆ ಗಾಯ ಸಣ್ಣದಾದಷ್ಟೂ ಸರ್ಜನ್‌ಗೆ ಕಾಣುವುದೂ ಕಡಿಮೆ.

ಕಾಣದೇ ಸ್ಕ್ರೂ ಹೇಗೆ ಹಾಕುತ್ತಾರೆ?

ಇಲ್ಲೇ ಎಲ್ಲ ಇರುವುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆನ್ನುಮೂಳೆಯ ಪ್ರತಿ ಮೂಳೆಗೂ ಮುಂದೆ ಒಂದು ದಪ್ಪ ಭಾಗ, ಹಿಂದೆ ಒಂದು ಕಮಾನು ಇರುತ್ತದೆ. ಎರಡನ್ನೂ ಸೇರಿಸುವ ಎರಡು ಗಿಡ್ಡ ಕಂಬಗಳಿಗೆ ಪೆಡಿಕಲ್ ಅನ್ನುತ್ತಾರೆ. ಸ್ಕ್ರೂ ಹಿಂದಿನಿಂದ ಈ ಪೆಡಿಕಲ್ ಒಳಗೆ ಹಾದು ಮುಂದಿನ ದಪ್ಪ ಭಾಗಕ್ಕೆ ಹೋಗಬೇಕು. ಪೆಡಿಕಲ್‌ನ ಒಳಮಗ್ಗುಲಿಗೆ ಬೆನ್ನುಹುರಿ ಅಥವಾ ನರಗಳ ಚೀಲ, ಕೆಳಗೆ ಹೊರಗೆ ಹೋಗುವ ನರದ ಬೇರು, ಮೂಳೆಯ ಮುಂದೆ ದೊಡ್ಡ ರಕ್ತನಾಳಗಳು. ಸೊಂಟದ ಕೆಳಗಿನ ಮೂಳೆಗಳಲ್ಲಿ ಪೆಡಿಕಲ್ ಅಗಲ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಹುದು, ಆರಾಮಾಗಿ 6.5 ಮಿಲಿಮೀಟರ್ ಸ್ಕ್ರೂ ಹಿಡಿಸುತ್ತದೆ. ಎದೆಯ ಮಧ್ಯಭಾಗಕ್ಕೆ ಬಂದರೆ ಅದೇ ಪೆಡಿಕಲ್ ಕೆಲವರಲ್ಲಿ ನಾಲ್ಕೈದು ಮಿಲಿಮೀಟರ್ ಮಾತ್ರ. ಅಲ್ಲಿ ಪಕ್ಕದಲ್ಲೇ ಇರುವುದು ಸಾಕ್ಷಾತ್ ಬೆನ್ನುಹುರಿ.

ಮಾಮೂಲಿಯಾಗಿ ಇದನ್ನು ಸಿ-ಆರ್ಮ್ ಹಿಡಿದು ಮಾಡುತ್ತಾರೆ. ಸಿ-ಆರ್ಮ್ ಅಂದರೆ ಇಂಗ್ಲಿಷಿನ ಸಿ ಆಕಾರದ, ಚಕ್ರ ಇರುವ ಎಕ್ಸ್‌ರೇ ಯಂತ್ರ. ಒಂದು ಸಲ ಮೇಲಿನಿಂದ, ಒಂದು ಸಲ ಪಕ್ಕದಿಂದ ಚಿತ್ರ ತೆಗೆದು, ಸೂಜಿ ಇಷ್ಟು ಮುಂದೆ ಹಾಕಿ, ಮತ್ತೆ ಚಿತ್ರ, ಮತ್ತೆ ಸೂಜಿ. ಎರಡು ಚಪ್ಪಟೆ ಚಿತ್ರ ನೋಡಿ ತಲೆಯಲ್ಲೇ ಒಂದು ಮೂರು ಆಯಾಮದ ಮೂಳೆ ಕಟ್ಟಿಕೊಳ್ಳಬೇಕು. ಅನುಭವ ಇರುವ ಸರ್ಜನ್‌ಗಳು ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ, ಇವತ್ತಿಗೂ ನಮ್ಮ ಕಡೆ ಬಹುಪಾಲು ಆಪರೇಷನ್ ಆಗುವುದು ಹೀಗೇ.

ಕನ್ನಡಕ ಹಾಕಿಕೊಂಡರೆ ಚರ್ಮದ ಒಳಗಿನ ಮೂಳೆ ಕಾಣುತ್ತದೆ, ಅಲ್ವಾ?

ಇಲ್ಲ. ಯೂಟ್ಯೂಬ್ ವಿಡಿಯೋ ನೋಡಿದರೆ ಹಾಗೆ ಅನ್ನಿಸುತ್ತದೆ, ಜಾಹೀರಾತಿನಲ್ಲಿ ಎಕ್ಸ್‌ರೇ ಕಣ್ಣು ಅಂತಲೂ ಹಾಕುತ್ತಾರೆ. ಆದರೆ ಆ ಕನ್ನಡಕ ಚರ್ಮದೊಳಗೆ ಇಣುಕುವುದಿಲ್ಲ. ಅದು ತೋರಿಸುವುದು ಮೊದಲೇ ತೆಗೆದ ಸಿಟಿ ಸ್ಕ್ಯಾನ್‌ನಿಂದ ಮಾಡಿದ ಒಂದು ಮೂಳೆಯ ಚಿತ್ರ. ಆ ಸ್ಕ್ಯಾನ್ ಐದು ನಿಮಿಷದ ಹಿಂದಿನದ್ದಾಗಿರಬಹುದು, ಅರ್ಧ ಗಂಟೆ ಹಿಂದಿನದ್ದಾಗಿರಬಹುದು, ಆದರೆ ಹಿಂದಿನದ್ದೇ. ಆ ಚಿತ್ರವನ್ನು ರೋಗಿಯ ಮೈಮೇಲೆ ಎಲ್ಲಿ ಕೂರಿಸಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿ ಇರುವವರೆಗೆ ಮಾತ್ರ ಕಾಣುವುದು ನಿಜ.

ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಈ ಒಂದು ಮಾತಿನ ಮೇಲೇ ನಿಂತಿವೆ.

ಹಾಗಾದರೆ ಚಿತ್ರವನ್ನು ಮೈಗೆ ಹೊಂದಿಸುವುದು ಹೇಗೆ?

ಇದಕ್ಕೆ ಥಿಯೇಟರ್‌ನಲ್ಲಿ ರಿಜಿಸ್ಟ್ರೇಷನ್ ಅನ್ನುತ್ತೇವೆ. ರೋಗಿಗೆ ಪೂರ್ತಿ ಅನಸ್ತೇಶಿಯಾ ಕೊಟ್ಟು ಬೋರಲು ಮಲಗಿಸಿರುತ್ತಾರೆ. ಸೊಂಟದ ಹಿಂಭಾಗದ ಮೂಳೆಗೆ ಒಂದು ಪಿನ್ ಹೊಡೆದು, ಅಥವಾ ಬೆನ್ನಿನ ಮಧ್ಯದ ಮೂಳೆಯ ತುದಿಗೆ ಒಂದು ಕ್ಲಾಂಪ್ ಕಚ್ಚಿಸಿ, ಅದರ ಮೇಲೆ ಒಂದು ಸಣ್ಣ ಗುರುತು ಫ್ರೇಮ್ ಕೂರಿಸುತ್ತಾರೆ. ಅದರ ಮೇಲಿನ ಗುರುತುಗಳನ್ನು ಕ್ಯಾಮೆರಾ ಹಿಡಿಯುತ್ತದೆ. ಆಮೇಲೆ ಥಿಯೇಟರ್ ಒಳಗೇ ಸಿಟಿ ತರಹದ ಸ್ಕ್ಯಾನ್ ತೆಗೆಯುತ್ತೇವೆ. ಸಾಮಾನ್ಯವಾಗಿ ಆ ಕೆಲವು ಸೆಕೆಂಡು ಅನಸ್ತೇಶಿಯಾ ಡಾಕ್ಟರು ಉಸಿರಾಟದ ಯಂತ್ರ ನಿಲ್ಲಿಸುತ್ತಾರೆ, ಎದೆ ಅಲ್ಲಾಡಬಾರದು ಅಂತ. ಸ್ಕ್ಯಾನ್ ತೆಗೆಯುವಾಗ ಫ್ರೇಮ್ ಅಲ್ಲೇ ಇದ್ದದ್ದರಿಂದ, ಫ್ರೇಮ್‌ನಿಂದ ಯಾವ ಮೂಳೆ ಎಷ್ಟು ದೂರ, ಯಾವ ಕೋನ ಅಂತ ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಸರ್ಜನ್ ಕೈಯಲ್ಲಿರುವ ಉಪಕರಣಕ್ಕೂ ಅಂಥದೇ ಗುರುತು ಇರುತ್ತದೆ. ಈಗ ಕನ್ನಡಕ ಹಾಕಿದ ಸರ್ಜನ್ ಬೆನ್ನಿನ ಕಡೆ ನೋಡಿದರೆ ಚರ್ಮದ ಮೇಲೆ ಮೂಳೆಯ ಚಿತ್ರ, ಅದರೊಳಗೆ ತಾನು ಹಿಡಿದ ಸೂಜಿ ಸಾಗುವ ಗೆರೆ, ಪಕ್ಕದಲ್ಲಿ ಸಿಟಿಯ ಅಡ್ಡ ಸೀಳು ಮತ್ತು ಉದ್ದ ಸೀಳು ಕಾಣುತ್ತವೆ.

ಕಂಡ ತಕ್ಷಣ ಸ್ಕ್ರೂ ಹಾಕುವುದಿಲ್ಲ. ಮೊದಲು ಒಂದು ಪರೀಕ್ಷೆ. ಕೈಗೆ ಸಿಗುವ ಯಾವುದಾದರೂ ಗಟ್ಟಿ ಜಾಗವನ್ನು, ಮೂಳೆಯ ತುದಿಯನ್ನೋ ಫ್ರೇಮ್‌ನ ಬುಡವನ್ನೋ, ಮೊಂಡು ಮುಳ್ಳಿನಿಂದ ಮುಟ್ಟುತ್ತಾರೆ. ನಿಜವಾದ ಮುಳ್ಳು ಮೂಳೆಗೆ ತಾಗಿದಾಗ ಚಿತ್ರದ ಮುಳ್ಳೂ ಚಿತ್ರದ ಮೂಳೆಗೆ ತಾಗಿರಬೇಕು. ಅದು ಗಾಳಿಯಲ್ಲಿ ತೇಲುತ್ತಿದ್ದರೆ ಅಥವಾ ಮೂಳೆಯೊಳಗೆ ಮುಳುಗಿದ್ದರೆ ಲೆಕ್ಕ ತಪ್ಪಿದೆ ಅಂತ ಅರ್ಥ, ಮತ್ತೆ ಸ್ಕ್ಯಾನ್. ಈ ಮುಟ್ಟಿ ನೋಡುವ ಕೆಲಸವನ್ನು ಒಂದು ಸಲ ಮಾಡಿ ಬಿಡುವವರಿಗಿಂತ ಪ್ರತಿ ಮೂಳೆಗೂ ಮಾಡುವ ಸರ್ಜನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಧ್ಯದಲ್ಲಿ ಆ ಹೊಂದಾಣಿಕೆ ತಪ್ಪಿದರೆ?

ತಪ್ಪಬಹುದು, ಮತ್ತು ಭಯ ಹುಟ್ಟಿಸುವ ವಿಷಯ ಏನೆಂದರೆ ತಪ್ಪಿದರೂ ಚಿತ್ರ ಮಾತ್ರ ಅಷ್ಟೇ ಚೆನ್ನಾಗಿ ಕಾಣುತ್ತಿರುತ್ತದೆ. ಫ್ಲೈಓವರ್ ಕೆಳಗೆ ಗಾಡಿ ಓಡಿಸುವಾಗ ಗೂಗಲ್ ಮ್ಯಾಪ್ ನೀವು ಮೇಲಿದ್ದೀರಿ ಅಂದುಕೊಂಡು ದಾರಿ ಹೇಳುತ್ತಾ ಹೋಗುತ್ತದಲ್ಲ, ಅದರ ದನಿಯಲ್ಲಿ ಅನುಮಾನವೇ ಇರುವುದಿಲ್ಲ, ಹಾಗೆ.

ತಪ್ಪುವುದಕ್ಕೆ ದೊಡ್ಡ ಕಾರಣವೇನೂ ಬೇಡ. ಅಸಿಸ್ಟೆಂಟ್‌ನ ಮೊಣಕೈ ಫ್ರೇಮ್‌ಗೆ ತಗುಲಿದರೆ ಸಾಕು. ಸಕ್ಷನ್ ಪೈಪ್ ಎಳೆಯುವಾಗ ಅದಕ್ಕೆ ಸಿಕ್ಕಿಕೊಳ್ಳಬಹುದು. ಮೂಳೆ ಮೆತ್ತಗಿದ್ದರೆ ಪಿನ್ನೇ ಸಡಿಲವಾಗಬಹುದು. ಸರ್ಜನ್ ಜೋರಾಗಿ ಒತ್ತಿ ಸ್ಕ್ರೂ ತಿರುಗಿಸುವಾಗ ಆ ಮೂಳೆಯೇ ಸ್ವಲ್ಪ ಕೆಳಗೆ ಹೋಗುತ್ತದೆ, ಆದರೆ ಚಿತ್ರ ಅಲ್ಲೇ ಇರುತ್ತದೆ. ಫ್ರೇಮ್ ಸೊಂಟದಲ್ಲಿದ್ದು ಕೆಲಸ ಮೇಲೆ ಮೇಲೆ ಹೋದಷ್ಟೂ ಮೂಳೆಗಳ ನಡುವಿನ ಕೀಲುಗಳು ಅಲ್ಲಾಡಿ ವ್ಯತ್ಯಾಸ ಬೆಳೆಯುತ್ತದೆ. ಅದಕ್ಕೇ ಅನುಭವಸ್ಥರು ದೂರದ ಮೂಳೆಯ ಸ್ಕ್ರೂ ಮೊದಲು ಹಾಕಿ, ಫ್ರೇಮ್ ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳುವುದುಂಟು.

ಮಾಮೂಲಿ ನ್ಯಾವಿಗೇಷನ್ ಯಂತ್ರವೂ ಇದನ್ನೇ ಮಾಡುತ್ತದಲ್ಲ?

ಹೌದು, ಒಳಗಿನ ಲೆಕ್ಕ ಒಂದೇ. ವ್ಯತ್ಯಾಸ ಇರುವುದು ಕಣ್ಣು ಎಲ್ಲಿದೆ ಅನ್ನುವುದರಲ್ಲಿ. ಮಾಮೂಲಿ ನ್ಯಾವಿಗೇಷನ್‌ನಲ್ಲಿ ಚಿತ್ರ ದೂರದ ಪರದೆಯ ಮೇಲಿರುತ್ತದೆ. ಸರ್ಜನ್ ಕೈ ರೋಗಿಯ ಬೆನ್ನಿನ ಮೇಲೆ, ಮುಖ ಪರದೆಯ ಕಡೆ. ತಲೆ ಎತ್ತಿ ನೋಡಿದಾಗ ಕೈ ಒಂದೆರಡು ಡಿಗ್ರಿ ಸರಿದರೂ ಗೊತ್ತಾಗುವುದಿಲ್ಲ, ತಲೆ ಬಗ್ಗಿಸಿದರೆ ಪರದೆ ಇಲ್ಲ. ಕನ್ನಡಕದಲ್ಲಿ ಎರಡೂ ಒಂದೇ ಕಡೆ.

ಇನ್ನೊಂದು ಲಾಭದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ, ನಮ್ಮಂಥವರಿಗೆ ಅದೇ ದೊಡ್ಡದು. ಮಾಮೂಲಿ ಯಂತ್ರದ ಕ್ಯಾಮೆರಾ ಟೇಬಲ್‌ನ ಕಾಲ ಕಡೆಯೋ ತಲೆ ಕಡೆಯೋ ಸ್ಟ್ಯಾಂಡ್ ಮೇಲೆ ನಿಂತಿರುತ್ತದೆ. ಅದರ ಮತ್ತು ಫ್ರೇಮ್ ನಡುವೆ ಯಾರೂ ಅಡ್ಡ ಬರಬಾರದು. ಥಿಯೇಟರ್‌ನಲ್ಲಿ ಅಡ್ಡ ಬರದೇ ಇರುವುದು ಅಂದರೆ ಆಗುವ ಮಾತೇ? ಸಿಸ್ಟರ್ ಉಪಕರಣ ಕೊಡಲು ಬಗ್ಗಿದರೆ ಚಿತ್ರ ಹೋಯಿತು, "ಕ್ಯಾಮೆರಾ, ಕ್ಯಾಮೆರಾ" ಅಂತ ಒಂದು ಕೂಗು. ಕ್ಯಾಮೆರಾ ಸರ್ಜನ್ ತಲೆಯ ಮೇಲೇ ಇರುವ ಎಆರ್ ಸಾಧನಗಳಲ್ಲಿ ಈ ಗಲಾಟೆ ಎಷ್ಟೋ ಕಡಿಮೆ. ಪೂರ್ತಿ ಇಲ್ಲ ಅನ್ನಲಾಗದು, ಗುರುತಿನ ಮೇಲೆ ರಕ್ತ ಚಿಮ್ಮಿದರೆ ಇದಕ್ಕೂ ಕಾಣುವುದಿಲ್ಲ, ಒರೆಸಬೇಕು.

ರೋಬೋಟ್‌ಗಿಂತ ಒಳ್ಳೆಯದಾ?

ರೋಬೋಟ್ ತೋಳು ದಾರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಸರ್ಜನ್ ಅದರೊಳಗೆ ಉಪಕರಣ ಇಳಿಸುತ್ತಾರೆ. ಕನ್ನಡಕ ದಾರಿ ತೋರಿಸುತ್ತದೆ ಅಷ್ಟೇ, ಕೈ ಪೂರ್ತಿ ಸರ್ಜನ್‌ದು. ರೋಬೋಟ್ ದುಬಾರಿ, ಜಾಗವೂ ಬೇಕು. ಒಳ್ಳೆಯದು ಯಾವುದು ಅನ್ನುವುದು ಆ ಸರ್ಜನ್ ಯಾವುದರಲ್ಲಿ ಪಳಗಿದ್ದಾರೆ ಅನ್ನುವುದರ ಮೇಲಿದೆ.

ಎಆರ್ ಅಂದರೆ ಯಾವಾಗಲೂ ಕನ್ನಡಕವೇನಾ?

ಅಲ್ಲ. ಫಿಲಿಪ್ಸ್ ಕಂಪನಿಯ ಒಂದು ವ್ಯವಸ್ಥೆಯಲ್ಲಿ ಥಿಯೇಟರ್‌ನ ದೊಡ್ಡ ಎಕ್ಸ್‌ರೇ ಯಂತ್ರದ ಚೌಕಟ್ಟಿನಲ್ಲೇ ಕ್ಯಾಮೆರಾಗಳಿರುತ್ತವೆ. ಬೆನ್ನಿನ ಲೈವ್ ವಿಡಿಯೋ ಮೇಲೆ ಸ್ಕ್ಯಾನ್ ಸೇರಿಸಿ ಪರದೆಯಲ್ಲಿ ತೋರಿಸುತ್ತದೆ, ತಲೆಗೆ ಏನೂ ಹಾಕಬೇಕಿಲ್ಲ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದ ನ್ಯೂರೋಸರ್ಜನ್‌ಗಳು ಆಪರೇಷನ್ ಮೈಕ್ರೋಸ್ಕೋಪ್‌ನ ಒಳಗೇ ಗಡ್ಡೆಯ ಅಂಚು, ಮೂಳೆಯ ಗೆರೆ ಬರುವಂತೆ ಮಾಡಿ ಕೆಲಸ ಮಾಡಿದ್ದಾರೆ. ಗಡ್ಡೆ ತೆಗೆಯುವ ಆಪರೇಷನ್‌ಗೆ ಈ ಮೈಕ್ರೋಸ್ಕೋಪ್ ವಿಧಾನವೇ ಹೆಚ್ಚು ಸಹಜ ಅಂತ ನನ್ನ ಅನಿಸಿಕೆ, ಅಲ್ಲಿ ಸರ್ಜನ್ ಹೇಗೂ ಮೈಕ್ರೋಸ್ಕೋಪ್‌ನಲ್ಲೇ ಕಣ್ಣಿಟ್ಟಿರುತ್ತಾರೆ.

ಇದು ಎಷ್ಟು ಹಳೆಯದು? ನಮ್ಮ ಮೇಲೆ ಪ್ರಯೋಗ ಮಾಡುತ್ತಿಲ್ಲ ತಾನೇ?

ಇಸ್ರೇಲ್ ಮೂಲದ ಆಗ್ಮೆಡಿಕ್ಸ್ ಕಂಪನಿಯ ಎಕ್ಸ್‌ವಿಷನ್ ಅನ್ನುವ ಹೆಡ್‌ಸೆಟ್‌ಗೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2020ರ ಜೂನ್‌ನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಟಿಮೊತಿ ವಿದಮ್ ಮತ್ತು ಅವರ ತಂಡ ಅದನ್ನು ಬಳಸಿ ಒಬ್ಬ ರೋಗಿಯ ಮೂರು ಮೂಳೆ ಸೇರಿಸಲು ಆರು ಸ್ಕ್ರೂ ಹಾಕಿತು. ಎರಡು ದಿನದ ನಂತರ ಇನ್ನೊಬ್ಬ ರೋಗಿಯ ಬೆನ್ನುಮೂಳೆಯಿಂದ ಕ್ಯಾನ್ಸರ್ ಗಡ್ಡೆ ತೆಗೆಯುವಾಗಲೂ ಬಳಸಿತು. ಅದೇ ತಿಂಗಳು ಶಿಕಾಗೋದ ರಶ್ ಯೂನಿವರ್ಸಿಟಿ ಮೆಡಿಕಲ್ ಸೆಂಟರ್‌ನಲ್ಲಿ ಫ್ರಾಂಕ್ ಫಿಲಿಪ್ಸ್ ಕೀಹೋಲ್ ವಿಧಾನದಲ್ಲೂ ಮಾಡಿದರು. ಅಂದರೆ ಕೈಗೂಸೂ ಅಲ್ಲ, ಹಳೆ ಹುಲಿಯೂ ಅಲ್ಲ.

ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಿವೆ, 2020ರ ಏಪ್ರಿಲ್‌ನಿಂದ ಸಾಫ್ಟ್‌ವೇರ್ ಕೂಡ ಅದರೊಳಗೆ ಬರುತ್ತದೆ. ಮಾರಾಟಕ್ಕೆ ಒಪ್ಪಿಗೆ ಪಡೆದ ಸಾಧನವೋ ಅಧ್ಯಯನಕ್ಕೆ ಬಳಸುತ್ತಿರುವುದೋ ಅಂತ ಕೇಳುವ ಹಕ್ಕು ನಿಮಗಿದೆ. ಅಧ್ಯಯನವಾದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರ ಬರುತ್ತದೆ. ಓದದೇ ಸಹಿ ಹಾಕಬೇಡಿ.

ಆಟ ಆಡುವ ಹೆಡ್‌ಸೆಟ್ಟನ್ನೇ ತಂದು ಬಳಸುತ್ತಾರಾ?

ಕೆಲವು ಕಂಪನಿಗಳು ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್‌ನಂಥ ಸಾಮಾನ್ಯ ಹೆಡ್‌ಸೆಟ್ ಮೇಲೆ ತಮ್ಮ ಸಾಫ್ಟ್‌ವೇರ್ ಹಾಕಿ ಒಪ್ಪಿಗೆ ಪಡೆದಿವೆ. ಅದು ತಪ್ಪೇನಲ್ಲ. ಆದರೆ ಹೋಲೋಲೆನ್ಸ್ 2 ತಯಾರಿಕೆಯನ್ನು ಮೈಕ್ರೋಸಾಫ್ಟ್ 2024ರಲ್ಲಿ ನಿಲ್ಲಿಸಿತು. ಆಸ್ಪತ್ರೆಯ ಒಂದು ಸಿ-ಆರ್ಮ್ ಎಷ್ಟೋ ವರ್ಷ ಬಾಳುತ್ತದೆ, ಕನ್ನಡಕ ತಯಾರಿಸುವವರು ಅಷ್ಟು ವರ್ಷ ಕಾಯುವುದಿಲ್ಲ. ಆಸ್ಪತ್ರೆಗೆ ಇಂಥದ್ದನ್ನು ಕೊಳ್ಳುವ ಜವಾಬ್ದಾರಿ ಇರುವವರು ಬೆಲೆಗಿಂತ ಮೊದಲು ಕೇಳಬೇಕಾದದ್ದು ಇದನ್ನೇ.

98%, 99% ನಿಖರ ಅಂತ ಬೋರ್ಡ್ ಹಾಕಿರುತ್ತಾರಲ್ಲ, ನಂಬಬಹುದಾ?

ಆ ಅಂಕಿ ಏನನ್ನು ಅಳೆದದ್ದು ಅಂತ ನೋಡಬೇಕು. ಆಪರೇಷನ್ ಆದ ಮೇಲೆ ಸಿಟಿ ತೆಗೆದು ಪ್ರತಿ ಸ್ಕ್ರೂಗೂ ಗ್ರೇಡ್ ಕೊಡುತ್ತಾರೆ. ಪೂರ್ತಿ ಪೆಡಿಕಲ್ ಒಳಗಿದ್ದರೆ ಎ, 2 ಮಿಲಿಮೀಟರ್ ಒಳಗೆ ಹೊರಬಂದಿದ್ದರೆ ಬಿ, 4 ಮಿಲಿಮೀಟರ್ ಒಳಗಾದರೆ ಸಿ, ಹೀಗೆ ಇ ತನಕ. ಎ ಮತ್ತು ಬಿ ಎರಡನ್ನೂ ಸೇರಿಸಿ "ಸರಿ" ಅಂತ ಲೆಕ್ಕ ಹಾಕುವುದು ರೂಢಿ. ಅಂದರೆ "ನಿಖರ" ಅನ್ನುವುದರಲ್ಲಿ ಚೂರು ಹೊರಬಂದ ಸ್ಕ್ರೂಗಳೂ ಇರುತ್ತವೆ. ಅದರಿಂದ ತೊಂದರೆ ಆಗುವುದು ಅಪರೂಪ, ಆದರೂ ತಿಳಿದಿರಲಿ.

ಎರಡು ಅಧ್ಯಯನ ಹೇಳುತ್ತೇನೆ. 2019ರಲ್ಲಿ ಪ್ರಕಟವಾದ ಒಂದರಲ್ಲಿ ಐದು ಶವಗಳಿಗೆ ಕನ್ನಡಕದ ಸಹಾಯದಿಂದ 120 ಸ್ಕ್ರೂ ಹಾಕಿದರು, 96.7% ಸರಿ ಬಂತು. ಅದೇ ವರ್ಷ ಸ್ವೀಡನ್‌ನ ಕರೋಲಿನ್ಸ್ಕಾದವರು ಮೇಲೆ ಹೇಳಿದ ಫಿಲಿಪ್ಸ್ ತರಹದ ವ್ಯವಸ್ಥೆಯಲ್ಲಿ 20 ರೋಗಿಗಳಿಗೆ ಹಾಕಿದ 253 ಸ್ಕ್ರೂಗಳ ಲೆಕ್ಕ ಕೊಟ್ಟರು, 94.1%. ಈ ಎರಡನ್ನು ಪಕ್ಕಪಕ್ಕ ಇಟ್ಟು ಕನ್ನಡಕವೇ ಮೇಲು ಅಂತ ಹೇಳಲು ಹೋಗಬೇಡಿ. ಒಂದು ಶವ, ಇನ್ನೊಂದು ಜೀವಂತ ಮನುಷ್ಯರು, ಅದರಲ್ಲೂ ಬೆನ್ನು ಸೊಟ್ಟಗಿದ್ದವರೇ ಬಹಳ. ಶವ ಉಸಿರಾಡುವುದಿಲ್ಲ, ರಕ್ತ ಬರುವುದಿಲ್ಲ.

ಎಆರ್‌ನಲ್ಲಿ ಮಾಡಿಸಿದರೆ ನೋವು ಬೇಗ ಹೋಗುತ್ತಾ?

ನೋವು ಬೇಗ ಕಡಿಮೆಯಾಗಲು, ಬೇಗ ಮನೆಗೆ ಹೋಗಲು ಕಾರಣ ಕೀಹೋಲ್ ವಿಧಾನ, ಕನ್ನಡಕ ಅಲ್ಲ. ಕನ್ನಡಕ ಸಹಾಯ ಮಾಡುವುದು ಸ್ಕ್ರೂ ಸರಿಯಾದ ಜಾಗಕ್ಕೆ ಹೋಗಲು. ಒಂದು ವರ್ಷದ ನಂತರ ಯಾರು ಚೆನ್ನಾಗಿ ನಡೆಯುತ್ತಾರೆ ಅನ್ನುವುದನ್ನು ತೀರ್ಮಾನಿಸುವುದು ಆಪರೇಷನ್ ನಿಜವಾಗಿ ಬೇಕಿತ್ತಾ, ಒತ್ತಿದ ನರ ಸರಿಯಾಗಿ ಬಿಡಿಸಿದರಾ, ಮೂಳೆ ಕೂಡಿಕೊಂಡಿತಾ ಅನ್ನುವುದು. ಸಿಗರೇಟು ಬಿಡದವರಿಗೆ ಮೂಳೆ ಕೂಡುವುದು ತಡ, ಅದಕ್ಕೆ ಯಾವ ಕನ್ನಡಕವೂ ಏನೂ ಮಾಡಲಾರದು.

ನರಗಳೂ ಕಾಣುತ್ತವಾ?

ಸಾಮಾನ್ಯವಾಗಿ ಇಲ್ಲ. ಕನ್ನಡಕದಲ್ಲಿ ಬರುವುದು ಸಿಟಿ ಚಿತ್ರ, ಸಿಟಿಯಲ್ಲಿ ಚೆನ್ನಾಗಿ ಕಾಣುವುದು ಮೂಳೆ. ನರ, ಡಿಸ್ಕ್ ಕಾಣುವುದು ಎಂಆರ್‌ಐನಲ್ಲಿ. ಎಂಆರ್‌ಐಯನ್ನು ಸಿಟಿಗೆ ಸೇರಿಸಬಹುದು, ಆದರೆ ಎಂಆರ್‌ಐ ತೆಗೆದಾಗ ನೀವು ಅಂಗಾತ ಮಲಗಿದ್ದಿರಿ, ಆಪರೇಷನ್‌ಗೆ ಬೋರಲು. ಬೆನ್ನಿನ ಬಾಗು ಬದಲಾಗಿರುತ್ತದೆ. ತಲೆಬುರುಡೆಯೊಳಗೆ ಮಿದುಳು ಇದ್ದಂತೆ ಬೆನ್ನುಮೂಳೆ ಒಂದೇ ಗಟ್ಟಿ ಡಬ್ಬಿಯಲ್ಲಿ ಇಲ್ಲ.

ಕನ್ನಡಕದಿಂದ ಸರ್ಜನ್‌ಗೆ ತೊಂದರೆ ಏನೂ ಇಲ್ಲವಾ?

ಇದೆ. ಹೋಲೋಲೆನ್ಸ್ 2 ತೂಕ 566 ಗ್ರಾಂ. ಕತ್ತು ಬಗ್ಗಿಸಿ ಮೂರು ಗಂಟೆ ನಿಂತು ನೋಡಿ, ಅರ್ಧ ಕೆಜಿ ಎಷ್ಟು ಭಾರ ಅಂತ ಗೊತ್ತಾಗುತ್ತದೆ. ಜೊತೆಗೆ ಸೀಸದ ಏಪ್ರನ್. ಇನ್ನೊಂದು, ಅದರ ಚಿತ್ರ ಎರಡು ಮೀಟರ್ ದೂರದಲ್ಲಿ ಫೋಕಸ್ ಆಗುವಂತೆ ಮಾಡಿದ್ದಾರೆ, ಸರ್ಜನ್ ಕೆಲಸ ಇರುವುದು ಕೈಗೆಟುಕುವ ದೂರದಲ್ಲಿ. ಕಣ್ಣು ಎರಡಕ್ಕೂ ಒಟ್ಟಿಗೆ ಹೊಂದಿಕೊಳ್ಳಲು ಒದ್ದಾಡುತ್ತದೆ, ಕೆಲವರಿಗೆ ತಲೆನೋವು. ಆಪರೇಷನ್‌ಗೆಂದೇ ಮಾಡಿದ ಹೆಡ್‌ಸೆಟ್‌ಗಳಲ್ಲಿ ಇದನ್ನು ಕಡಿಮೆ ಮಾಡಲು ನೋಡಿದ್ದಾರೆ. ದೊಡ್ಡ ಲೈಟ್ ನೇರ ಬಿದ್ದರೆ ಚಿತ್ರ ಮಾಸುತ್ತದೆ. ಚಿತ್ರದ ಮೂಳೆ ಸರ್ಜನ್ ಕೈಯ ಮೇಲೂ ಬಂದು ಕೂರಬಹುದು, ಯಾವುದು ಮುಂದೆ ಯಾವುದು ಹಿಂದೆ ಅಂತ ಮಿದುಳಿಗೆ ಗಲಿಬಿಲಿ.

ಎಲ್ಲಕ್ಕಿಂತ ಯೋಚಿಸಬೇಕಾದದ್ದು ಇನ್ನೊಂದಿದೆ. 2013ರಲ್ಲಿ ಕೆನಡಾದವರು ಒಂದು ಜಾಣ ಪ್ರಯೋಗ ಪ್ರಕಟಿಸಿದರು. ಬೆನ್ನಿನದ್ದಲ್ಲ, ಮೂಗಿನ ಎಂಡೋಸ್ಕೋಪಿ. ಕೆಲವು ಸರ್ಜನ್‌ಗಳಿಗೆ ಎಆರ್ ಗೆರೆಗಳ ಜೊತೆ, ಕೆಲವರಿಗೆ ಬರೀ ವಿಡಿಯೋ. ದಾರಿಯಲ್ಲಿ ಇರಬಾರದ ವಸ್ತುವೊಂದನ್ನು ಕಾಣುವಂತೆ ಇಟ್ಟಿದ್ದರು. ಎಆರ್ ಇದ್ದವರು ಗುರಿಯನ್ನು ಹೆಚ್ಚು ನಿಖರವಾಗಿ ಮುಟ್ಟಿದರು, ಆದರೆ ಕಣ್ಣೆದುರೇ ಇದ್ದ ಆ ವಸ್ತುವನ್ನು ಗಮನಿಸಿದವರು ಅವರಲ್ಲೇ ಕಡಿಮೆ. ಹೊಳೆಯುವ ಗೆರೆ ಗಮನವನ್ನು ಎಳೆದುಕೊಂಡುಬಿಡುತ್ತದೆ. ಅದಕ್ಕೇ, ಬೇಕಾದಾಗ ಚಿತ್ರ ಆಫ್ ಮಾಡಿ ಬರಿಗಣ್ಣಲ್ಲಿ ಒಮ್ಮೆ ನೋಡುವ ಸರ್ಜನ್ ಕಂಡರೆ ನನಗೆ ಸಮಾಧಾನ.

ಮಧ್ಯದಲ್ಲಿ ಬ್ಯಾಟರಿ ಹೋದರೆ, ಸಾಫ್ಟ್‌ವೇರ್ ನಿಂತರೆ?

ಕನ್ನಡಕ ತೆಗೆದಿಟ್ಟು ಸಿ-ಆರ್ಮ್ ತರುತ್ತಾರೆ. ಸಿ-ಆರ್ಮ್ ಪಕ್ಕದಲ್ಲಿ ಸಿದ್ಧ ಇಲ್ಲದೆ ಶುರು ಮಾಡಲೇಬಾರದು. ಎಆರ್ ಇದ್ದರೂ ಯಾವ ಮೂಳೆ ಅಂತ ಎಣಿಸಿ ಖಚಿತ ಮಾಡಿಕೊಳ್ಳಲು ಎಕ್ಸ್‌ರೇ ಬೇಕು. ಸೊಂಟದಲ್ಲಿ ಐದರ ಬದಲು ಆರು ಮೂಳೆ ಇದ್ದಂತೆ ಕಾಣುವವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ, ಎಣಿಕೆ ತಪ್ಪಿದರೆ ಸ್ಕ್ರೂ ತಪ್ಪು ಮೂಳೆಯಲ್ಲಿ ಬಹಳ ನಿಖರವಾಗಿ ಕೂರುತ್ತದೆ.

ರೇಡಿಯೇಶನ್ ಕಡಿಮೆಯಾಗುತ್ತಾ?

ಥಿಯೇಟರ್ ಸಿಬ್ಬಂದಿಗೆ ಖಂಡಿತ ಕಡಿಮೆ. ಸ್ಕ್ಯಾನ್ ಆಗುವಾಗ ನಾವೆಲ್ಲ ಹೊರಗೆ ಅಥವಾ ಸೀಸದ ಗೋಡೆ ಹಿಂದೆ ಹೋಗುತ್ತೇವೆ, ಆಮೇಲೆ ಪ್ರತಿ ಸೂಜಿಗೂ ಎಕ್ಸ್‌ರೇ ಬೇಕಾಗುವುದಿಲ್ಲ. ರೋಗಿಗೆ ಅಷ್ಟು ಸರಳ ಲೆಕ್ಕ ಅಲ್ಲ, ಆ ಒಂದು ಸ್ಕ್ಯಾನ್‌ನ ಪ್ರಮಾಣ ಅವರ ಮೇಲೇ ಬೀಳುತ್ತದೆ, ಹೊಂದಾಣಿಕೆ ತಪ್ಪಿ ಎರಡನೇ ಸ್ಕ್ಯಾನ್ ಆದರೆ ಮತ್ತಷ್ಟು. ಒಂದೇ ಜಾಗದ ಆಪರೇಷನ್‌ಗೆ ಸಿ-ಆರ್ಮ್‌ನಲ್ಲೇ ಕಡಿಮೆ ಆಗಬಹುದು.

ನನಗೂ ಕನ್ನಡಕ ಹಾಕುತ್ತಾರಾ?

ಇಲ್ಲ. ನೀವು ನಿದ್ದೆಯಲ್ಲಿರುತ್ತೀರಿ.

ನನಗೆ ಡಿಸ್ಕ್ ಜಾರಿದೆ, ಕಾಲಿಗೆ ಜುಂ ಅನ್ನುತ್ತದೆ. ಎಆರ್ ಇರುವ ಆಸ್ಪತ್ರೆ ಹುಡುಕಬೇಕಾ?

ಮೊದಲು ಆಪರೇಷನ್ ಬೇಕಾ ಅಂತ ತಿಳಿಯಿರಿ. ಡಿಸ್ಕ್ ಜಾರಿ ಕಾಲಿಗೆ ಇಳಿಯುವ ನೋವು ಬಹಳ ಜನರಿಗೆ ಮಾತ್ರೆ, ವ್ಯಾಯಾಮ, ಸಮಯದಿಂದಲೇ ಆರರಿಂದ ಹನ್ನೆರಡು ವಾರದಲ್ಲಿ ತಗ್ಗುತ್ತದೆ. ಆಪರೇಷನ್ ಬೇಕೇ ಬೇಕು ಅಂದರೂ ಬರೀ ಡಿಸ್ಕ್ ತುಣುಕು ತೆಗೆಯುವುದಕ್ಕೆ ಸ್ಕ್ರೂ ಇಲ್ಲ, ಕೊಳವೆ ಮತ್ತು ಮೈಕ್ರೋಸ್ಕೋಪ್ ಅಥವಾ ಎಂಡೋಸ್ಕೋಪ್ ಸಾಕು, ಕನ್ನಡಕದಿಂದ ದೊಡ್ಡ ಲಾಭವಿಲ್ಲ.

ಕಾಯಬಾರದ ಲಕ್ಷಣಗಳು ಬೇರೆ: ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಾಗದೇ ಹೋಗುವುದು, ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿ ಮತ್ತು ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರುವುದು. ಇದರಲ್ಲಿ ಯಾವುದೇ ಇದ್ದರೆ ಅದೇ ದಿನ, ಅದೇ ಗಂಟೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಎಆರ್ ಗೀಆರ್ ಅಂತ ಊರು ಸುತ್ತಬೇಡಿ.

ಹಾಗಾದರೆ ಯಾರಿಗೆ ನಿಜವಾಗಿ ಉಪಯೋಗ?

ಎದೆ ಭಾಗದ ಸಣ್ಣ ಪೆಡಿಕಲ್‌ಗೆ ಸ್ಕ್ರೂ ಬೇಕಾದವರಿಗೆ. ಬೆನ್ನು ಪಕ್ಕಕ್ಕೆ ಬಾಗಿ ಮೂಳೆಗಳೇ ತಿರುಚಿಕೊಂಡಿರುವವರಿಗೆ. ಹಿಂದೆ ಆಪರೇಷನ್ ಆಗಿ ಗುರುತಿನ ಮೂಳೆಗಳೇ ಇಲ್ಲದವರಿಗೆ. ತುಂಬಾ ದಪ್ಪ ಇದ್ದು ಪಕ್ಕದ ಎಕ್ಸ್‌ರೇ ಮಸುಕಾಗಿ ಬರುವವರಿಗೆ. ಸೊಂಟದ ನಾಲ್ಕನೇ, ಐದನೇ ಮೂಳೆಗಳಿಗೆ, ಅಂದರೆ ಎಲ್4, ಎಲ್5ಗೆ, ನಾಲ್ಕು ಸ್ಕ್ರೂ ಹಾಕುವ ಮಾಮೂಲಿ ಕೇಸಿಗೆ, ಸಾವಿರಾರು ಸ್ಕ್ರೂ ಹಾಕಿರುವ ಕೈಗೆ, ಇದು ಅಗತ್ಯ ಅಂತ ನನಗೆ ಅನ್ನಿಸಿಲ್ಲ.

ಅಜ್ಜಿಗೆ ಮೂಳೆ ಸವೆದಿದೆ ಅಂದಿದ್ದಾರೆ. ಎಆರ್‌ನಲ್ಲಿ ಸ್ಕ್ರೂ ಗಟ್ಟಿ ಕೂರುತ್ತಾ?

ಸರಿಯಾದ ಜಾಗದಲ್ಲಿ ಕೂರಬಹುದು, ಗಟ್ಟಿ ಕೂರುವುದು ಮೂಳೆಯ ಕೈಯಲ್ಲಿದೆ. ಮೊದಲು ಮೂಳೆ ಸಾಂದ್ರತೆ ಪರೀಕ್ಷೆ, ಬೇಕಾದರೆ ಅದಕ್ಕೆ ಔಷಧಿ. ಕೆಲವರಿಗೆ ಸ್ಕ್ರೂ ಸುತ್ತ ಸಿಮೆಂಟ್ ಹಾಕುತ್ತಾರೆ. ಹಿಂದೆ ಹೇಳಿದೆನಲ್ಲ, ಮೆತ್ತಗಿನ ಮೂಳೆಯಲ್ಲಿ ಫ್ರೇಮ್ ಪಿನ್ನೂ ಅಲ್ಲಾಡುತ್ತದೆ, ಹಾಗಾಗಿ ಇವರಲ್ಲಿ ಮುಟ್ಟಿ ನೋಡುವುದು ಎರಡರಷ್ಟು ಆಗಬೇಕು.

ಖರ್ಚು ಎಷ್ಟು? ಇನ್ಶೂರೆನ್ಸ್ ಕೊಡುತ್ತಾ?

ಒಂದು ಅಂಕಿ ಹೇಳಿದರೆ ಮೋಸ ಆಗುತ್ತದೆ. ಬಿಲ್ಲನ್ನು ಬಿಡಿಬಿಡಿಯಾಗಿ ಕೇಳಿ: ಸ್ಕ್ರೂ ರಾಡ್ ಎಷ್ಟು, ಥಿಯೇಟರ್ ಸ್ಕ್ಯಾನ್ ಎಷ್ಟು, ಒಂದೇ ಸಲ ಬಳಸಿ ಬಿಸಾಡುವ ಗುರುತು ಮತ್ತು ಪಿನ್ ಎಷ್ಟು, "ಟೆಕ್ನಾಲಜಿ ಚಾರ್ಜ್" ಅಂತ ಏನಾದರೂ ಇದೆಯಾ. ಹೃದಯದ ಸ್ಟೆಂಟ್‌ಗೂ ಮಂಡಿ ಇಂಪ್ಲಾಂಟ್‌ಗೂ ಸರ್ಕಾರ 2017ರಲ್ಲಿ ಬೆಲೆ ಮಿತಿ ಹಾಕಿತು. ಬೆನ್ನಿನ ಸ್ಕ್ರೂಗೂ ಅದೇ ರೀತಿ ಒಂದೇ ದರ ಅಂದುಕೊಳ್ಳಬೇಡಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ.

ವಿಮೆಯ ವಿಷಯ: 2019ರಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಐಆರ್‌ಡಿಎಐ ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಕೊಟ್ಟು, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಅಂದಿತು. ಅದರಲ್ಲಿ ರೋಬೋಟಿಕ್ ಸರ್ಜರಿ ಇದೆ, ಆಪರೇಷನ್ ನಡುವೆ ನರ ಪರೀಕ್ಷಿಸುವ ಮಾನಿಟರಿಂಗ್ ಇದೆ. ಎಆರ್ ಹೆಸರು ಇಲ್ಲ. ಫ್ಯೂಷನ್, ಅಂದರೆ ಮೂಳೆ ಸೇರಿಸುವ ಆಪರೇಷನ್‌ಗೆ ದುಡ್ಡು ಬರಬಹುದು, ಕನ್ನಡಕದ ಚಾರ್ಜ್ ಮಾತ್ರ ಕತ್ತರಿಸಿ ಕಳಿಸಬಹುದು. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ವಿಮೆಯ ಕೆಲಸ ನೋಡುವ ಟಿಪಿಎ ಡೆಸ್ಕ್‌ನಲ್ಲಿ ಬರಹದಲ್ಲಿ ಕೇಳಿ, ಬಾಯಿಮಾತು ಬೇಡ.

ಡಾಕ್ಟರಿಗೆ ಏನು ಕೇಳಲಿ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. "ಸಾರ್, ನನಗೆ ಸ್ಕ್ರೂ ಯಾಕೆ ಬೇಕು, ಬರೀ ನರ ಬಿಡಿಸಿದರೆ ಸಾಲದಾ?" ಇದನ್ನೇ ಮೊದಲು ಕೇಳಿ. ಆಮೇಲೆ "ಈ ಕನ್ನಡಕದಲ್ಲಿ ನೀವೇ ಎಷ್ಟು ಕೇಸ್ ಮಾಡಿದ್ದೀರಿ, ಅದು ಇಲ್ಲದೆಯೂ ಮಾಡುತ್ತೀರಾ?" ಅಂತ ಕೇಳಿ. ಇಲ್ಲದೆ ಮಾಡಲು ಬರುವುದಿಲ್ಲ ಅನ್ನುವ ಉತ್ತರ ಬಂದರೆ ನಾನಂತೂ ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ. ಮೇಡಂ ಇರಲಿ ಸಾರ್ ಇರಲಿ, ಆಪರೇಷನ್ ಮಾಡುವವರನ್ನೇ ಕೇಳಿ, ಮಾರ್ಕೆಟಿಂಗ್‌ನವರನ್ನಲ್ಲ.

ಸ್ಕ್ರೂ ಹಾಕಿಸಿಕೊಂಡ ಮೇಲೆ ಎಂಆರ್‌ಐ ಮಾಡಿಸಬಹುದಾ?

ಈಗಿನ ಸ್ಕ್ರೂಗಳು ಹೆಚ್ಚಾಗಿ ಟೈಟಾನಿಯಂ ಮಿಶ್ರಲೋಹದವು, ಸಾಮಾನ್ಯವಾಗಿ ಎಂಆರ್‌ಐ ಮಾಡಬಹುದು, ಸ್ಕ್ರೂ ಸುತ್ತ ಚಿತ್ರ ಸ್ವಲ್ಪ ಕಪ್ಪಾಗಿ ಕೆಡುತ್ತದೆ ಅಷ್ಟೇ. ಡಿಸ್ಚಾರ್ಜ್ ಆಗುವಾಗ ಇಂಪ್ಲಾಂಟ್ ಸ್ಟಿಕರ್ ಅಂಟಿಸಿದ ಹಾಳೆಯ ಕಾಪಿ ಕೇಳಿ ಇಸಿದುಕೊಳ್ಳಿ, ಅದರಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಇರುತ್ತದೆ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ಸ್ಕ್ಯಾನ್ ಮಾಡುವ ಹುಡುಗನಿಗೋ, ಆ ಸ್ಕ್ರೂ ತೆಗೆಯಬೇಕಾದ ಸರ್ಜನ್‌ಗೋ ಬೇಕಾಗುವುದು ಆ ಹಾಳೆ. ಫೋನಿನಲ್ಲಿ ಫೋಟೋ ತೆಗೆದು ಮನೆಯವರಿಗೂ ಒಂದು ಕಳಿಸಿಡಿ.